ಗೂಟದ ಮೇಲಿನ ಅಂಗಿ ತೋರಿಸಿದ ಅಮ್ಮನಿಗೆ

ನಿನ್ನೆ ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿ ಬಂದೆ. 26 ವರ್ಷದ ಕೆಲಸ ಮುಗಿಯಿತು. ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಿ ಅಂದರು, ಗಂಟಲು ಕಟ್ಟಿ ಎರಡಕ್ಕೇ ಕೂತುಬಿಟ್ಟೆ. ಉಳಿದದ್ದು ಇಲ್ಲಿದೆ.

ನಾನು ಮಣ್ಣು, ನೀರಿನಲ್ಲಿ ಸೀಸ ಅಳೆಯುತ್ತಿದ್ದವನು. ಮಕ್ಕಳ ಕಡೆ ಹೊರಳಿದ್ದು ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಅವರ 1979ರ ಅಧ್ಯಯನ ಓದಿದ ಮೇಲೆ. ಶಾಲಾ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಹಾಕಿ ಸೀಸ ಅಳೆದಿದ್ದರು. ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ದೇಹ ಸೀಸವನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ, ಹಲ್ಲಿಗೆ ಸೇರಿಸಿಕೊಳ್ಳುತ್ತದೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

"ಹಾಗಾದ್ರೆ ಹೋಗಿ ಮಕ್ಕಳ ಮನಶ್ಶಾಸ್ತ್ರ ಕಲ್ತು ಬಾರಯ್ಯ" ಅಂದವರು ನನ್ನ ಗುರುಗಳು. 34ನೇ ವಯಸ್ಸಿನಲ್ಲಿ ಕೊನೇ ಬೆಂಚಿನಲ್ಲಿ ಕೂತೆ. ಸರ್, ನಿಮಗೆ ನಮಸ್ಕಾರ. ಆಮೇಲೆ ನನ್ನ ಅನುದಾನದ ಅರ್ಜಿ ಒಂದು ಕಡೆ "ಇದು ರಸಾಯನಶಾಸ್ತ್ರವಲ್ಲ" ಅಂತಲೂ ಇನ್ನೊಂದು ಕಡೆ "ಸಮಾಜವಿಜ್ಞಾನವಲ್ಲ" ಅಂತಲೂ ವಾಪಸ್ ಬಂತು. ದೇಶಗಳ ಪ್ರಗತಿ ಅಳೆಯಲು ವಿಶ್ವಸಂಸ್ಥೆಯಿಂದ 1990ರಿಂದ ಬರುತ್ತಿರುವ ಮಾನವ ಅಭಿವೃದ್ಧಿ ಸೂಚ್ಯಂಕವೂ ಮಗು ಎಷ್ಟು ವರ್ಷ ಶಾಲೆಗೆ ಹೋಗುತ್ತದೆ ಅಂತ ಎಣಿಸುತ್ತದೆ, ತಲೆಗೆ ಎಷ್ಟು ಹತ್ತಿತು ಅಂತಲ್ಲ. ಆ ಸಂದಿಯಲ್ಲೇ ನನ್ನ ಹೊಟ್ಟೆಪಾಡು ನಡೆಯಿತು ಅನ್ನಿ. ಅನುದಾನವಿಲ್ಲದ ಎರಡು ವರ್ಷ ಮನೆ ನಡೆಸಿದ್ದು ನನ್ನಾಕೆ. ಒಮ್ಮೆಯೂ ಎತ್ತಿ ಆಡಲಿಲ್ಲ.

ಒಂದು ಮನೆಯ ಮಗುವಿನ ರಕ್ತದಲ್ಲಿ ಅಕ್ಕಪಕ್ಕದ ಮಕ್ಕಳಿಗಿಂತ ಎಷ್ಟೋ ಪಟ್ಟು ಸೀಸ. ನಲ್ಲಿ ನೀರು, ಗೋಡೆಯ ಬಣ್ಣ, ಅಂಗಳದ ಮಣ್ಣು ಎಲ್ಲ ನೋಡಿದೆ. ಏನೂ ಸಿಗಲಿಲ್ಲ. ಮೂರನೇ ಸಲ ಹೋದಾಗ ಆ ಮನೆಯ ಅಮ್ಮ ಗೂಟದಿಂದ ಒಂದು ಅಂಗಿ ತಂದು ಕೊಡವಿದರು. "ಇವ್ರು ಹಳೇ ಬ್ಯಾಟರಿ ಒಡೆಯೋ ಕೆಲ್ಸದಿಂದ ಬರ್ತಿದ್ದಂಗೆ ಮಗು ಹೋಗಿ ತೊಡೆ ಏರುತ್ತೆ. ಇದನ್ನ ನೋಡಿದ್ರಾ?" ಕಾಲರಿನ ಮಡಿಕೆಯಿಂದ ಬೂದು ಬಣ್ಣದ ಪುಡಿ ಉದುರಿತು, ಬ್ಯಾಟರಿಯೊಳಗಿನ ಸೀಸದ ಪುಡಿ. ನನ್ನ ಪ್ರಶ್ನಾವಳಿಯಲ್ಲಿ 41 ಪ್ರಶ್ನೆಗಳಿದ್ದವು, ಬಟ್ಟೆಯದ್ದು ಒಂದೂ ಇರಲಿಲ್ಲ. ಅಪ್ಪ ಕೆಲಸದ ಜಾಗದಲ್ಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿ ಬರತೊಡಗಿದ ಮೇಲೆ ಮಗುವಿನ ರಕ್ತದ ಅಂಕಿ ನಿಧಾನವಾಗಿ ಇಳಿಯಿತು.

ಅಮ್ಮಾ, 42ನೇ ಪ್ರಶ್ನೆ ನಿಮ್ಮದು. ಗೋಪ್ಯತೆಯ ನಿಯಮದಿಂದ ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕುವಂತಿರಲಿಲ್ಲ, ಇಲ್ಲೂ ಹಾಕುತ್ತಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತೆ, ಅಂಗಿ ನಿಮ್ಮ ಮನೆಯದು.