ಬಗ್ಗಿದ ಬೆನ್ನನ್ನು ಬರೆಯುವಾಗ

ಪ್ರೀತಿಯ ತಮ್ಮ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ಕೂಲಿ ಹೆಂಗಸಿನ ಬೆವರು ಮುತ್ತಿನಂತೆ ಹೊಳೆಯುತ್ತದಲ್ಲ, ಆ ಸಾಲಿನ ಪಕ್ಕ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಬೆವರು ಕಣ್ಣಿಗಿಳಿದರೆ ಉರಿಯುತ್ತದೆ. ಕೈತುಂಬ ಮಣ್ಣಿರುವವಳು ಭುಜ ಎತ್ತಿ ಅದಕ್ಕೇ ಮುಖ ಒರೆಸಿಕೊಳ್ಳುತ್ತಾಳೆ. ಆ ಭುಜ ನಿನ್ನ ಕತೆಯಲ್ಲಿಲ್ಲ.

ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ತೋರಿಸಿದ ‘ಹಕ್ಕಲಾಯುವವರು’ ಚಿತ್ರವನ್ನು ಮುಂದಿಟ್ಟುಕೊಂಡು ಒಂದಿಷ್ಟು ಹೊತ್ತು ಕೂರು. ಅವನೂ ರೈತರ ಮನೆಯಲ್ಲಿ ಹುಟ್ಟಿ ಹೊಲದಲ್ಲಿ ದುಡಿದವನೇ. ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಉಳಿದ ತೆನೆ ಆಯುತ್ತಿದ್ದಾರೆ. ಇಬ್ಬರು ಪೂರ್ತಿ ಬಗ್ಗಿದ್ದಾರೆ. ಮೂರನೆಯವಳದು ಅರ್ಧ ಬಗ್ಗಿದ ಬೆನ್ನು. ಬಗ್ಗಲು ಹೊರಟಳೋ, ಸೊಂಟ ಸಡಿಲಿಸಲು ಎದ್ದಳೋ ಗೊತ್ತಾಗದು. ಮುಖಗಳು ಸರಿಯಾಗಿ ಕಾಣವು. ಯಾರೂ ಅಳುತ್ತಿಲ್ಲ. ದೂರದಲ್ಲಿ ಎತ್ತರದ ಬಣವೆ, ತುಂಬಿದ ಗಾಡಿ, ಕುದುರೆ ಮೇಲೊಬ್ಬ ಮೇಲ್ವಿಚಾರಕ. ಆ ಬಣವೆಗೂ ಇವರ ಕೈಯ ಹಿಡಿ ತೆನೆಗೂ ಎಷ್ಟು ದೂರ ನೋಡು. ಹೇಳಬೇಕಾದ್ದನ್ನೆಲ್ಲ ಅವನು ಆ ಬಯಲಲ್ಲೇ ಹೇಳಿಬಿಟ್ಟಿದ್ದಾನೆ. ಪ್ಯಾರಿಸ್ಸಿನಲ್ಲಿ ಕೆಲವು ವಿಮರ್ಶಕರಿಗೆ ಇದರಲ್ಲಿ ದಂಗೆಯ ವಾಸನೆ ಬಡಿಯಿತು. ಬರೀ ಅಯ್ಯೋ ಅನ್ನಿಸುವ ಚಿತ್ರವಾಗಿದ್ದರೆ ಅವರಿಗೂ ಹಿಡಿಸುತ್ತಿತ್ತೇನೋ.

ಇನ್ನೊಬ್ಬ ಚಿತ್ರಕಾರ ವ್ಯಾನ್ ಗೋ 1885ರಲ್ಲಿ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಬರೆಯುವ ಮುಂಚೆ ಚಳಿಗಾಲವಿಡೀ ರೈತರ ಮುಖಗಳನ್ನು ಬಿಡಿಸಿ ಬಿಡಿಸಿ ಕೈ ಪಳಗಿಸಿಕೊಂಡ. ತಟ್ಟೆಗೆ ಚಾಚಿದ ಈ ಕೈಗಳೇ ನೆಲ ಅಗೆದವು ಎಂಬುದು ನೋಡಿದವರಿಗೆ ತಾಗಬೇಕು ಅಂತ ತಮ್ಮ ಥಿಯೋಗೆ ಬರೆದಿದ್ದ.

ನಾನೂ ಎಡವಿದವನೇ. ನನ್ನ ಮೊದಮೊದಲ ಕತೆಯೊಂದರಲ್ಲಿ ಕೊಯ್ಲಿನವಳು ಬೆಳಗಿಂದ ಸಂಜೆವರೆಗೆ ನಿಟ್ಟುಸಿರು ಬಿಡುತ್ತಿದ್ದಳು. ಅದೇ ಕೆಲಸ ಮಾಡುವ ಒಬ್ಬಾಕೆಗೆ ಓದಿ ಹೇಳಿದೆ, ಹೊಗಳುತ್ತಾಳೆ ಅಂತ. “ಕುಡುಗೋಲು ಹೀಗೆ ಹಿಡಿದರೆ ಮೊದಲ ಹಿಡಿಗೇ ಬೆರಳು ಹೋಗುತ್ತಲ್ಲ ಸ್ವಾಮಿ? ಅಲ್ಲಾ, ಇವಳು ಪಕ್ಕದವಳ ಜೊತೆ ಮಾತೇ ಆಡಲ್ವಾ?” ಅಂದಳು. ನಾನು ಕಷ್ಟಪಟ್ಟು ಬರೆದಿದ್ದ ಅವಳ ದುಃಖದ ಬಗ್ಗೆ ಒಂದು ಮಾತೂ ಇಲ್ಲ! ನನಗೆ ಕೆಲಸ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗವನ್ನೆಲ್ಲ ಕರುಣೆಯಿಂದ ತುಂಬಿಸಿದ್ದೆ. ನೀನು ಮಾಡಿರುವುದೂ ಅದನ್ನೇ.

ತಿದ್ದಲು ಕೂರುವ ಮುಂಚೆ ಅರ್ಧ ದಿನ ಕೂಲಿಯವರ ಪಕ್ಕದ ಸಾಲು ಹಿಡಿದು ಬಗ್ಗು. ನೋಟ್‌ಬುಕ್ ಒಯ್ಯಬೇಡ. ಅವರು ಯಾವುದಕ್ಕೆ ನಗುತ್ತಾರೆ, ಯಾರನ್ನು ಆಡಿಕೊಳ್ಳುತ್ತಾರೆ, ಕೇಳಿಸಿಕೋ. ಕತೆಯಲ್ಲಿ ಮಾಲೀಕ ಬರುವ ಭಾಗ ಮಾತ್ರ ಮುಟ್ಟಬೇಡ. ಕೂಲಿ ಕೊಡುವಾಗ ಅವನು ನೋಟನ್ನು ಎರಡೆರಡು ಸಲ ಎಣಿಸುವುದು ಚೆನ್ನಾಗಿ ಬಂದಿದೆ.

ತಿದ್ದಿದ್ದನ್ನು ಕಳಿಸು.

ನಿನ್ನ ಅಣ್ಣ