ಬಿಪಿ ಮಾತ್ರೆಯಿಂದ ಅಮ್ಮನ ಕರುಳಿಗಾದ ಹಾನಿ: ಔಷಧ ಕಂಪನಿಗೆ ದೂರು

ಗೆ,
ಔಷಧ ಸುರಕ್ಷತಾ ವಿಭಾಗದ ಮುಖ್ಯಸ್ಥರು

ವಿಷಯ: ಓಲ್ಮೆಸಾರ್ಟನ್ 40 ಮಿ.ಗ್ರಾಂ. ಮಾತ್ರೆಯ ಅಡ್ಡಪರಿಣಾಮದ ದೂರನ್ನು ನಿಮ್ಮ ಸಹಾಯವಾಣಿ ದಾಖಲಿಸಿಕೊಳ್ಳದಿರುವ ಬಗ್ಗೆ

ಮಾನ್ಯರೇ,

ನನ್ನ ಅಮ್ಮನಿಗೆ 66 ವರ್ಷ. ನಿಮ್ಮ ಕಂಪನಿಯ ಓಲ್ಮೆಸಾರ್ಟನ್ ಮಾತ್ರೆಯನ್ನು ಎರಡು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದವರು. ರಕ್ತದೊತ್ತಡ ಹತೋಟಿಯಲ್ಲಿತ್ತು, ಆ ಬಗ್ಗೆ ನನ್ನ ತಕರಾರಿಲ್ಲ.

ಕಳೆದ ಮಳೆಗಾಲದಲ್ಲಿ ಅವರಿಗೆ ಭೇದಿ ಶುರುವಾಯಿತು. ನೀರಿನ ದೋಷವೆಂದುಕೊಂಡು ಗಂಜಿ, ಮಜ್ಜಿಗೆ, ಓಆರ್‌ಎಸ್ ಕೊಟ್ಟೆವು. ನಿಲ್ಲಲಿಲ್ಲ. ದಿನಕ್ಕೆ ಎಂಟು ಹತ್ತು ಸಲ, ನಡುರಾತ್ರಿಯಲ್ಲೂ. ನಾಲ್ಕು ತಿಂಗಳಲ್ಲಿ 58 ಕಿಲೋ ಇದ್ದವರು 45ಕ್ಕೆ ಇಳಿದರು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಎರಡು ಸಲ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದೆವು. ಶಿವಮೊಗ್ಗದಿಂದ ದಾವಣಗೆರೆಗೆ ಮೊಮ್ಮಗಳ ನಾಮಕರಣಕ್ಕೆ ಹೋಗಲು ಬಸ್ ಹತ್ತುವ ಧೈರ್ಯವಾಗದೆ ಅವರು ಮನೆಯಲ್ಲೇ ಉಳಿದರು. ಅಂದು ಅವರು ಅತ್ತದ್ದು ನನಗೆ ಮರೆಯುವಂಥದ್ದಲ್ಲ.

ಮಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಎಂಡೋಸ್ಕೋಪಿ ಮಾಡಿ ಬಯಾಪ್ಸಿ ತೆಗೆದಾಗ, ಆಹಾರದ ಸಾರ ಹೀರುವ ಸಣ್ಣ ಕರುಳಿನ ಒಳಪದರ ಸವೆದು ಚಪ್ಪಟೆಯಾಗಿತ್ತು. ಗೋಧಿ ಒಗ್ಗದ ಸಿಲಿಯಾಕ್ ಕಾಯಿಲೆಯಲ್ಲಿಯೂ ಹೀಗಾಗುತ್ತದಂತೆ. ರಕ್ತ ಪರೀಕ್ಷೆ ಅದಲ್ಲ ಎಂದಿತು. ಆದರೂ ಆರು ವಾರ ಚಪಾತಿ, ರವೆ ಎಲ್ಲ ಬಿಡಿಸಿದೆವು, ಪ್ರಯೋಜನವಾಗಲಿಲ್ಲ. ಕೊನೆಗೆ ಮಂಗಳೂರಿನ ಜೀರ್ಣಾಂಗ ತಜ್ಞರೊಬ್ಬರು ಅಮ್ಮನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ನಿಮ್ಮ ಮಾತ್ರೆಯನ್ನು ತೋರಿಸಿ, "ಇದನ್ನು ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದಾರೆ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅದನ್ನು ನಿಲ್ಲಿಸಿ ಅಮ್ಲೋಡಿಪಿನ್ ಎಂಬ ಬೇರೆ ಬಿಪಿ ಮಾತ್ರೆ ಬರೆದುಕೊಟ್ಟರು. ಎರಡು ವಾರದಲ್ಲಿ ಭೇದಿ ನಿಂತಿತು. ಮೂರು ತಿಂಗಳಲ್ಲಿ ಆರು ಕಿಲೋ ಮರಳಿ ಬಂದಿದೆ.

ಇದು ಅಪರೂಪದ ಪರಿಣಾಮ ಎಂಬುದನ್ನು ಒಪ್ಪುತ್ತೇನೆ. ಆದರೆ ಹೊಸದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ವೈದ್ಯರು 2012ರಲ್ಲೇ ಇಂಥ 22 ರೋಗಿಗಳ ವಿವರ ಪ್ರಕಟಿಸಿದ್ದರು. ಮಾತ್ರೆ ಶುರು ಮಾಡಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ತೀವ್ರ ಭೇದಿ ಮತ್ತು ತೂಕ ಇಳಿಕೆ ಕಾಣಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜುಲೈ 2013ರಲ್ಲಿ ಎಚ್ಚರಿಸಿತ್ತು. ಆ ಎಚ್ಚರಿಕೆ ನಮ್ಮ ಮನೆಯವರೆಗೆ ಬರಲಿಲ್ಲ. ಅಂಗಡಿಯವರು ಕತ್ತರಿಸಿ ಕೊಡುವ ಸ್ಟ್ರಿಪ್ ಜೊತೆ ಯಾವ ಚೀಟಿಯೂ ಇರುವುದಿಲ್ಲ.

ನನ್ನ ಮುಖ್ಯ ದೂರು ನಿಮ್ಮ ಸಹಾಯವಾಣಿಯ ಮೇಲೆ. ಮೂರು ಸಲ ಕರೆ ಮಾಡಿದೆ. ಎರಡು ಸಲ "ನಿಮ್ಮ ವೈದ್ಯರನ್ನೇ ಕೇಳಿ" ಎಂದರು. ಮೂರನೆಯ ಸಲ, ಬ್ಯಾಚ್ ಸಂಖ್ಯೆ ಇಲ್ಲದೆ ದಾಖಲಿಸಲಾಗದು ಎಂದರು. ಆ ಸಂಖ್ಯೆ ಅಚ್ಚಾಗಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಅಡ್ಡಪರಿಣಾಮದ ವರದಿಗೆ ಕನಿಷ್ಠ ಬೇಕಾದದ್ದು ರೋಗಿಯ ಗುರುತು, ವರದಿ ಮಾಡುವವರು, ಶಂಕಿತ ಔಷಧ ಮತ್ತು ಆದ ತೊಂದರೆ, ಈ ನಾಲ್ಕೇ. ನಾಲ್ಕನ್ನೂ ನಾನು ಹೇಳಿದ್ದೆ. ನಿಮ್ಮ ಸಿಬ್ಬಂದಿ ಫೋನ್ ಇಟ್ಟುಬಿಟ್ಟರೆ ಇನ್ನೊಬ್ಬರ ಅಮ್ಮ ಗೋಧಿ ಬಿಟ್ಟು, ಅದೇ ಮಾತ್ರೆ ನುಂಗುತ್ತಾ ಕರಗುತ್ತಿರುತ್ತಾರೆ.

ಈ ದೂರನ್ನು ದಾಖಲಿಸಿ, ಸ್ವೀಕೃತಿ ಸಂಖ್ಯೆ ಕೊಡಿ. ಔಷಧಗಳ ಅಡ್ಡಪರಿಣಾಮಗಳ ಮೇಲೆ ನಿಗಾ ಇಡುವ ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ಕಳುಹಿಸಿ; ಅದರ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ನಾನೂ ತಿಳಿಸಿದ್ದೇನೆ. ಈ ಮಾತ್ರೆ ಬರೆದುಕೊಡುವ ವೈದ್ಯರಿಗೆ ನಿಮ್ಮ ಪ್ರತಿನಿಧಿಗಳು ಈ ಎಚ್ಚರಿಕೆಯನ್ನೂ ಹೇಳಲಿ. ರೋಗಿಗಳಿಗೆ ಕನ್ನಡದಲ್ಲಿ ಒಂದು ಚೀಟಿ ಮಾಡಿಸಿ: ಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ ಎಂಬ ಎರಡು ಸಾಲಿದ್ದರೂ ಸಾಕು.

ಬಯಾಪ್ಸಿ ವರದಿ ಮತ್ತು ಆಸ್ಪತ್ರೆಯ ದಾಖಲೆಗಳ ಪ್ರತಿ ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ,
ರೋಗಿಯ ಮಗಳು
ಶಿವಮೊಗ್ಗ