ಕಂಟೇನರ್‌ಗೆ ಹಗ್ಗದ ಬಿಗಿತ ಸಾಲದು

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ ಗಬ್ಬೂರಿನಿಂದ ನರೇಂದ್ರದ ಕಡೆಗೆ ಸಾಗುವ ಕೆಲವು ಲಾರಿಗಳಲ್ಲಿ ಹಡಗಿನ ಕಂಟೇನರ್‌ಗಳನ್ನು ಬರೀ ಹಗ್ಗ, ಸರಪಳಿಗಳಿಂದ ಬಿಗಿದಿರುವುದನ್ನು ಕಂಡು ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ. ಟ್ರೇಲರ್‌ನ ಟ್ವಿಸ್ಟ್ ಲಾಕ್‌ಗಳು (ತಿರುಗಿಸಿ ಬಿಗಿಯುವ ಉಕ್ಕಿನ ಕೊಂಡಿಗಳು) ಕಂಟೇನರ್‌ನ ಕೆಳಗಿನ ನಾಲ್ಕೂ ಮೂಲೆಗಳ ಉಕ್ಕಿನ ತೂತುಗಳಲ್ಲಿ ಕೂತು, ಅವುಗಳ ತಲೆ 90 ಡಿಗ್ರಿ ತಿರುಗಿದಾಗ ಮಾತ್ರ ಹಿಡಿತ ಗಟ್ಟಿಯಾಗುತ್ತದೆ. ಲಾಕ್ ತಿರುಗಿಸುವ ಹಿಡಿಕೆ ಅರ್ಧಕ್ಕೆ ನಿಂತಿದ್ದರೂ ದೂರದಿಂದ ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ. ಖಾಲಿ ಪೆಟ್ಟಿಗೆಯೆಂದು ಲಾಕ್ ಹಾಕದೆ ಹೊರಡುವುದಂತೂ ಅಕ್ಷಮ್ಯ. 20 ಅಡಿಯ ಖಾಲಿ ಕಂಟೇನರ್ ಕೂಡ 2 ಟನ್‌ಗಿಂತ ಹೆಚ್ಚು ತೂಗುತ್ತದೆ, ಜೋರು ಗಾಳಿಗೂ ತಿರುವಿಗೂ ಬೇಗ ವಾಲುತ್ತದೆ. ಸಾರಿಗೆ ಇಲಾಖೆ ಮತ್ತು ಪೊಲೀಸರು ನಾಲ್ಕೂ ಲಾಕ್‌ಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಒಂದು ಸಡಿಲವಿದ್ದರೂ ಲಾರಿಯನ್ನು ಮುಂದಕ್ಕೆ ಬಿಡಬಾರದು.

– ಓದುಗ, ಹುಬ್ಬಳ್ಳಿ